ಏಳು ಮನೆಯ ವಾರದ ನಾಯಿ

ನಾನು ಮದುವೆಯಾಗಿ ಕಮಲಾಪುರದಿಂದ ಕಲಬುರಗಿಗೆ ಬಂದು ಆಗ ಮೂರು ತಿಂಗಳಾಗಿತ್ತು. ನಿಜಾಮರ ಕಾಲ. ಗಂಡ ಅದಾಲತ್ತಿನಲ್ಲಿ ಕಾರಕೂನ. ಬೆಳಿಗ್ಗೆ ಶೇರವಾನಿ ತೊಟ್ಟು, ಉರ್ದು ಕಾಗದಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹೋದರೆ ದೀಪ ಹಚ್ಚುವ ಹೊತ್ತಿಗೇ ತಿರುಗಿ ಬರುವವರು. ಮಾವ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಇಡೀ ಹಗಲು ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಗೆ ಓಣಿಗೆ ಓಣಿಯೇ ಹೆದರುತ್ತಿತ್ತು. ನಾನು ಹೆದರಿದ್ದರಲ್ಲಿ ವಿಶೇಷವೇನಿಲ್ಲ. ಆಕೆ ಸುಮ್ಮನೆ ಮಾತಾಡಿದರೂ ಬೈದ ಹಾಗೆ ಕೇಳಿಸುತ್ತಿತ್ತು. ಬೈಗುಳದ ಒಳಗೆ ಏನಿದೆ ಎಂದು ತಿಳಿಯಲು ನನಗೆ ಒಂದು ನಾಯಿ ಬೇಕಾಯಿತು.

ನಮ್ಮ ಓಣಿ ಕೋಟೆಯ ಹಿಂಬದಿಗೆ ಇತ್ತು. ಏಳು ಮನೆ. ನಾಲ್ಕು ನಮ್ಮವರವು, ಮೂರು ಮುಸಲ್ಮಾನರವು. ಒಂದು ತುದಿಗೆ ಕಟ್ಟಿಗೆ ಮಾರುವ ಅಡ್ಡೆ, ಇನ್ನೊಂದು ತುದಿಗೆ ನಮ್ಮ ತಿಪ್ಪೆ. ತಿಪ್ಪೆ ಎಂದರೆ ಇವತ್ತಿನವರು ಮೂಗು ಮುಚ್ಚಿಕೊಂಡಾರು. ಆಗ ಅದೂ ಒಂದು ಆಸ್ತಿಯೇ. ಮಳೆಗಾಲಕ್ಕೆ ಮುಂಚೆ ಹೊಲದವರು ಬಂಡಿ ಕಟ್ಟಿಕೊಂಡು ಬಂದು ಗೊಬ್ಬರ ಹೇರಿಕೊಂಡು ಹೋಗುವರು. ಹಾಗಾಗಿ ಯಾರ ತಿಪ್ಪೆಯಲ್ಲಿ ಏನು ಬಿತ್ತೋ ಅದು ಅವರದು. ಬೂದಿ ಬೀಳಲಿ, ಸಗಣಿ ಬೀಳಲಿ, ಮತ್ತೊಬ್ಬರು ಬಂದು ಒಂದು ಬುಟ್ಟಿ ಎತ್ತಿದರೆ ಜಗಳವೇ. ಈ ವಿಷಯದಲ್ಲಿ ನಮ್ಮ ಅತ್ತೆ ಎಷ್ಟು ಜಗಳಗಳನ್ನು ಗೆದ್ದಿದ್ದರೋ ಲೆಕ್ಕವಿಲ್ಲ.

ಆ ಅಡ್ಡೆಗೆ ಒಬ್ಬ ಕಾವಲುಗಾರನಿದ್ದ. ಅವನ ಹತ್ತಿರ ಒಂದು ಹೆಣ್ಣು ನಾಯಿ. ಜೋಳದ ದಂಟಿನ ಬಣ್ಣ, ಒಂದು ಕಿವಿ ಮಾತ್ರ ಕಪ್ಪು. ಅದನ್ನು ಅವನು ಸರಪಳಿಯಿಂದ ಕಟ್ಟಿ ಹಾಕಿದ್ದ. ಸಣ್ಣದಿದ್ದಾಗ ಕಟ್ಟಿದ ಸರಪಳಿ, ಅದು ದೊಡ್ಡದಾದರೂ ಸಡಿಲ ಮಾಡಿರಲಿಲ್ಲ. ಮಧ್ಯಾಹ್ನ ಹೊಟ್ಟೆಗೆ ಸೇಂದಿ ಇಳಿದರೆ ಅವನಿಗೆ ಬಡಿಯುವುದಕ್ಕೆ ಏನಾದರೂ ಬೇಕಾಗುತ್ತಿತ್ತು. ಚಕ್ಕಳದ ಪಟ್ಟಿ ತೆಗೆದುಕೊಂಡು ನಾಯಿಯನ್ನು ಬಡಿಯುವನು. ಆ ಸಪ್ಪಳ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅತ್ತೆ ತಮ್ಮ ಕೆಲಸ ತಾವು ಮಾಡಿಕೊಂಡಿರುತ್ತಿದ್ದರು. ಆಕೆಯದು ಕಲ್ಲಿನ ಎದೆ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡದ್ದುಂಟು. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಬೂದಿ ಚೆಲ್ಲಲು ತಿಪ್ಪೆಗೆ ಹೋದೆ. ನಾಯಿ ಅಲ್ಲಿ ಬಿದ್ದಿತ್ತು. ಸತ್ತಿದೆ ಎಂದುಕೊಂಡು ಕಾವಲುಗಾರನೇ ನಸುಕಿನಲ್ಲಿ ಕಾಲು ಹಿಡಿದು ಎಳೆದು ತಂದು ಎಸೆದು ಹೋಗಿದ್ದನಂತೆ. ಕುಸನೂರಿನಿಂದ ಹಾಲು ತರುವಾಕೆ ನೋಡಿದ್ದಳು. ನಾನು ಬಗ್ಗಿ ನೋಡಿದಾಗ ಹೊಟ್ಟೆ ಅಲುಗಾಡುತ್ತಿತ್ತು. ಸರಪಳಿ ಕುತ್ತಿಗೆಯ ಮಾಂಸದೊಳಗೆ ಇಳಿದು ಹುಳ ಬಿದ್ದಿದ್ದವು. ನಾನು ಬೂದಿಯ ಬುಟ್ಟಿ ಅಲ್ಲೇ ಬಿಟ್ಟು ಓಡಿದೆ. ಮನೆಗೆ ಓಡಲಿಲ್ಲ. ಎದುರು ಮನೆಗೆ ಓಡಿದೆ.

ಎದುರು ಮನೆಯಲ್ಲಿ ನಾಲಬಂದ ಚಾಚಾ ಇದ್ದರು. ಎತ್ತಿಗೆ, ಕುದುರೆಗೆ ಲಾಳ ಕಟ್ಟುವುದು ಅವರ ಕೆಲಸ; ದನಗಳ ಗಾಯ, ಹುಣ್ಣು ನೋಡುವುದೂ ಬರುತ್ತಿತ್ತು. ಲಾಳದ ಮೊಳೆ ಕೀಳುವ ಇಕ್ಕಳ ಹಿಡಿದುಕೊಂಡು ಬಂದರು. ತಿಪ್ಪೆಯಲ್ಲೇ ಮೊಣಕಾಲೂರಿ ಕುಳಿತು ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸಿದರು. ಅಷ್ಟು ನೋವಾದರೂ ನಾಯಿ ಕಚ್ಚಲಿಲ್ಲ, ಗುರ್ ಅನ್ನಲೂ ಇಲ್ಲ.

"ಕಚ್ಚಿದ್ದರ ಚಲೋ ಇತ್ತು ಬೇಟಿ," ಎಂದರು ಚಾಚಾ. "ಹೊಡತಾ ತಿಂದು ತಿಂದು ಕಚ್ಚೂದs ಮರತದ. ಹೋಗು, ಸೀತಾಫಲದ ತಪ್ಪಲಾ ಅರದು ತಗೊಂಡು ಬಾ. ಹುಳಾ ಎಲ್ಲಾ ಹೊರಗ ಬರತಾವ."

ಸೀತಾಫಲದ ಗಿಡ ಇದ್ದದ್ದು ನಮ್ಮ ಹಿತ್ತಲಲ್ಲಿ. ಎಲೆ ಕೀಳುತ್ತಿರುವಾಗ ಅತ್ತೆ ಬಂದು ನಿಂತರು. ಯಾತಕ್ಕೆ ಎಂದು ಕೇಳಿದರು. ಹೇಳಿದೆ. ನನ್ನ ಕೈಯಿಂದ ಎಲೆ ಕಸಿದುಕೊಂಡರು. ಆಯಿತು, ಇವತ್ತು ನನಗೆ ಇದೆ ಎಂದುಕೊಂಡೆ. ಆಕೆ ಎಲೆಗಳನ್ನು ಒಳಕಲ್ಲಿಗೆ ಹಾಕಿ ತಾವೇ ಅರೆಯತೊಡಗಿದರು. "ನಿನ್ನ ಕೈಲೆ ಅರದರ ಸಂಜೀ ತನಕಾ ಅರೀತಿ," ಎಂದರು. "ಹೊಸ್ತಿಲಾ ಮಾತ್ರ ದಾಟಿಸಬ್ಯಾಡ ಅದಕ. ಹೇಳೇನಿ ನೋಡು."

ಹೊಸ್ತಿಲ ವಿಷಯದಲ್ಲಿ ಎರಡೂ ಮನೆಗೆ ಒಂದೇ ಮಾತು. ನಮ್ಮಲ್ಲಿ ಲಿಂಗಪೂಜೆ, ಮಡಿ. ಚಾಚಾನ ಮನೆಯಲ್ಲಿ ನಮಾಜು. ನಾಯಿ ಮುಟ್ಟಿದ ಬಟ್ಟೆಯಲ್ಲಿ ಒಳಗೆ ಬಂದರೆ ಚಾಚಿ ಕೊಡ ನೀರು ಸುರಿಯದೆ ಬಿಡುತ್ತಿರಲಿಲ್ಲ. ಹಾಗಾಗಿ ನಾಯಿಗೆ ಎರಡೂ ಮನೆಗಳ ನಡುವಿನ ಚಪ್ಪಡಿಗಲ್ಲಿನ ಕಟ್ಟೆಯ ಕೆಳಗೆ, ಒಂದು ಹಳೆಯ ಗೋಣಿತಟ್ಟಿನ ಮೇಲೆ ಜಾಗವಾಯಿತು. ಗಾಯ ಹದಿನೈದು ದಿನಕ್ಕೆ ಒಣಗುತ್ತಾ ಬಂತು. ನಡುಕ ಮಾತ್ರ ಹೋಗಲಿಲ್ಲ.

ಅದು ಯಾವಾಗ ನಡುಗುತ್ತದೆ ಎಂಬುದು ನನಗೆ ಬೇಗ ಹೊಳೆಯಲಿಲ್ಲ. ಬೆಳಿಗ್ಗೆ ಬಿಸಿಲು ಬರುವ ಹೊತ್ತಿಗೆ ಸುಮ್ಮನೆ ಮಲಗಿದ್ದದ್ದು ಗೋಡೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಮಲಗಿದಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಸುತ್ತ ನೋಡಿದರೆ ಯಾರೂ ಇರುತ್ತಿರಲಿಲ್ಲ. ಕಾದು ನೋಡಿದ ನಾಲ್ಕನೆಯ ದಿನ ತಿಳಿಯಿತು. ಅದು ಏಳೂ ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತು. ಮರದ ಕೊಣಮಿಗೆಯ ಮೇಲೆ ಜೋಳದ ಹಿಟ್ಟು ಬಡಿಯುವ ಪಟಪಟ ಸಪ್ಪಳ ನಮಗೆ ಹಸಿವು ತರಿಸಿದರೆ ಅದಕ್ಕೆ ಚಕ್ಕಳದ ಪಟ್ಟಿಯಾಗಿ ಕೇಳಿಸುತ್ತಿತ್ತು. ನನಗೆ ಅಳು ಬಂತು. ಮರುದಿನದಿಂದ ನಾನು ಮೆಲ್ಲಗೆ ಬಡಿಯತೊಡಗಿದೆ.

ಮೆಲ್ಲಗೆ ಬಡಿದರೆ ರೊಟ್ಟಿ ಹರಡುವುದಿಲ್ಲ, ದಪ್ಪ ಉಳಿಯುತ್ತದೆ. ಅತ್ತೆ ಒಂದು ತುಣುಕು ಮುರಿದು ನೋಡಿದರು.

"ಇದೇನು, ರೊಟ್ಟಿ ಅದನೋ ಸಗಣಿ ಕುಳ್ಳು ಅದನೋ? ನಿಮ್ಮವ್ವ ಇದs ಕಲಿಸ್ಯಾಳೇನು?"

ನನ್ನ ತಾಯಿಯ ಹೆಸರೆತ್ತಿದ್ದಕ್ಕೆ ಸಿಟ್ಟು ಬಂದು, ಹೆದರಿಕೆ ಮರೆತು, ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅತ್ತೆ ಅಡ್ಡೆಯ ಕಡೆಗೆ ಮುಖ ಮಾಡಿ ಕುಳಿತರು. ಮರುದಿನ ನಾನು ಏಳುವುದಕ್ಕೆ ಮುಂಚೆಯೇ ಒಲೆಯ ಮುಂದೆ ತಾವೇ ಕುಳಿತು, ಮಗುವಿನ ಬೆನ್ನು ತಟ್ಟುವ ಹಾಗೆ ರೊಟ್ಟಿ ತಟ್ಟುತ್ತಿದ್ದರು. ಅವತ್ತಿನ ರೊಟ್ಟಿ ನನ್ನದಕ್ಕಿಂತಲೂ ದಪ್ಪ. ನನ್ನ ಗಂಡ ಒಂದು ಮಾತೂ ಆಡದೆ ಅಗಿದು ನುಂಗಿ ಅದಾಲತ್ತಿಗೆ ಹೋದರು.

ಆಮೇಲೆ ಅತ್ತೆ ಮನೆಮನೆಗೆ ಹೋಗಿ ಹೇಳಿ ಬಂದರು. ಹೇಳಿದ್ದು ಎನ್ನುವುದಕ್ಕಿಂತ ಹುಕುಂ ಕೊಟ್ಟದ್ದು. ಅರ್ಧ ತಿಂಗಳು ಇಡೀ ಓಣಿ ದಪ್ಪ ರೊಟ್ಟಿ ತಿಂದಿತು. ಗಂಡಸರು ಕಟ್ಟೆಯ ಮೇಲೆ ಕುಳಿತು ದವಡೆ ನೋವಿನ ಮಾತು ಆಡುತ್ತಿದ್ದರು. ಮೊದಲ ರೊಟ್ಟಿಯ ಬಿಸಿ ತುಣುಕನ್ನು ನಾಯಿಗೆ ಎಸೆಯುವುದು ಚಾಚಿಯ ಯುಕ್ತಿ. ಸಪ್ಪಳ ಕೇಳಿದ ಕೂಡಲೆ ತುಣುಕು, ಸಪ್ಪಳ ಕೇಳಿದ ಕೂಡಲೆ ತುಣುಕು. ದಿನಕ್ಕಿಷ್ಟು ಬಡಿತ ಜೋರು ಮಾಡುತ್ತ ಬಂದೆವು. ಕೊನೆಗೊಂದು ಬೆಳಿಗ್ಗೆ ನಾನು ಎಂದಿನಂತೆ ಜೋರಾಗಿ ಬಡಿಯುತ್ತಿರುವಾಗ ತಲೆಯೆತ್ತಿ ನೋಡಿದರೆ, ನಾಯಿ ಹೊಸ್ತಿಲ ಹೊರಗೆ ಕುಳಿತು ಬಾಲದಿಂದ ನೆಲ ಗುಡಿಸುತ್ತಿತ್ತು. ರೊಟ್ಟಿ ಹೊತ್ತಿಹೋಯಿತು. ಅತ್ತೆ ಬೈಯಲಿಲ್ಲ.

ಊಟದ ವ್ಯವಸ್ಥೆಯನ್ನೂ ಅತ್ತೆಯೇ ಮಾಡಿದರು. ಹಳ್ಳಿಯಿಂದ ಓದಲು ಬಂದ ಬಡವರ ಮಕ್ಕಳಿಗೆ ದಿನಕ್ಕೊಂದು ಮನೆಯಂತೆ ವಾರದ ಊಟ ಹಾಕುವ ರೂಢಿ ನಮ್ಮ ಕಡೆ ಇತ್ತು. ಏಳು ಮನೆ, ಏಳು ದಿನ. ನಾಯಿಗೂ ಹಾಗೇ ಹಚ್ಚಿದರು. ಸೋಮವಾರ ನಮ್ಮದು, ಶುಕ್ರವಾರ ಚಾಚಾನ ಮನೆಯದು. "ಪ್ರೀತಿ ಅಂತ ಅಲ್ಲ ಮತ್ತ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಒಂದs ಬಾಗಲಕ ಜೋತುಬೀಳಬಾರದು ಅಂತ." ಪ್ರತಿ ಮನೆಯೂ ತನ್ನದೇ ಒಂದು ಹೆಸರಿಟ್ಟು ಕರೆಯುತ್ತಿತ್ತು. ನಾಯಿ ಒಂದಕ್ಕೂ ಓಗೊಡುತ್ತಿರಲಿಲ್ಲ, ಎಲ್ಲರ ಮನೆಗೂ ಹೋಗುತ್ತಿತ್ತು.

ಆ ವರ್ಷ ಶ್ರಾವಣ ಮತ್ತು ರಮಜಾನ್ ಒಂದೇ ಚಂದ್ರನಿಗೆ ಬಂದವು. ಈ ಕಡೆ ಒಪ್ಪತ್ತು, ಆ ಕಡೆ ರೋಜಾ. ನಮ್ಮ ನಾಲ್ಕು ಮನೆಯವರು, ಪಾಪ, ಅವರ ಮನೆಯಲ್ಲಿ ಹಗಲು ಒಲೆ ಹೊತ್ತುವುದಿಲ್ಲ, ನಾಯಿಗೆ ಯಾರು ಹಾಕುತ್ತಾರೆ ಎಂದು ಸರದಿಯಿಲ್ಲದ ದಿನವೂ ಹಾಕಿದೆವು. ಆ ಮೂರು ಮನೆಯವರು, ಪಾಪ, ಅವರದು ಶ್ರಾವಣ, ಒಂದೇ ಹೊತ್ತು ಊಟ, ನಾಯಿ ಉಪವಾಸ ಬಿದ್ದೀತು ಎಂದು ಇಫ್ತಾರಿನ ಹೊತ್ತಿಗೆ ಅವರೂ ಹಾಕಿದರು. ವ್ರತದ ಮಾತೆತ್ತಿದರೆ ಮತ್ತೊಬ್ಬರಿಗೆ ನೋವಾದೀತೆಂದು ಯಾರೂ ಯಾರನ್ನೂ ಕೇಳಲಿಲ್ಲ. ಹತ್ತು ದಿನಕ್ಕೆ ನಾಯಿ ಹೊಟ್ಟೆ ಉಬ್ಬಿ, ನಾಲ್ಕು ಕಾಲು ಚಾಚಿ, ಬುಸುಗುಟ್ಟುತ್ತ ಮಲಗಿತು. ನಾನು ಓಡಿಹೋಗಿ ಚಾಚಾನನ್ನು ಕರೆತಂದೆ. ಅವರು ಹೊಟ್ಟೆ ಒತ್ತಿ ನೋಡಿ, ಗಡ್ಡ ಸವರಿಕೊಂಡು ನಗತೊಡಗಿದರು.

"ಇದು ಬೀಮಾರಿ ಅಲ್ಲ ಬೇಟಿ, ದಾವತ್ತು! ಊರೆಲ್ಲಾ ಉಪಾಸ, ಇದಕ್ಕೊಂದs ಹಬ್ಬ. ಇವತ್ತ ಇದಕ್ಕೂ ರೋಜಾ ಇಡಸ್ರಿ."

"ಇವತ್ತ ಶ್ರಾವಣ ಸೋಮವಾರನೂ ಹೌದು," ಎಂದರು ಅತ್ತೆ ಗಂಭೀರವಾಗಿ. "ಎರಡೂ ಕಡೀ ಪುಣ್ಯಾ ಬರತದ ಅದಕ."

ರಮಜಾನ್ ಹಬ್ಬದ ಸುರಕುಂಬಾ ಪಾಯಸ ತಿಂದು ಮುಗಿಸುವ ಹೊತ್ತಿಗೆ ನಾಯಿ ಮೈ ತುಂಬಿಕೊಂಡು ಚಂದ ಕಾಣುತ್ತಿತ್ತು. ಒಂದು ದಿನ ಅಂಗಳ ಗುಡಿಸುತ್ತಿದ್ದ ಅತ್ತೆಯ ಪೊರಕೆ ನೋಡಿ ಗುರ್ ಎಂದಿತು. ಅತ್ತೆ ಪೊರಕೆ ಬಿಸಾಕಿ ಚಾಚಿಯ ಬಾಗಿಲಿಗೆ ಹೋಗಿ, "ಕೇಳಿದ್ರೇನು? ನನಗ ಗುರ್ರ್ ಅಂತು!" ಎಂದರು. ಆಕೆ ಅಷ್ಟು ಹಿಗ್ಗಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಚಂದ ಕಾಣತೊಡಗಿದ್ದೇ ತೊಂದರೆಗೆ ಬಂತು. ಕಾವಲುಗಾರ ಒಂದು ಮಧ್ಯಾಹ್ನ ಹೊಸ ಸರಪಳಿ ಹಿಡಿದುಕೊಂಡು ಬಂದ. ನಾಯಿ ಅವನ ಕೆಮ್ಮು ಕೇಳಿಯೇ ಕಟ್ಟೆಯ ಕೆಳಗೆ ಹೊಕ್ಕಿತು.

"ನನ್ನ ನಾಯಿ ನನಗ ಕೊಡ್ರಿ," ಎಂದ. "ಇಲ್ಲಂದ್ರ ಪೊಲೀಸ್ ಚೌಕಿಗೆ ಹೋಗ್ತೀನಿ."

ಗಂಡಸರು ಕೆಲಸಕ್ಕೆ ಹೋಗಿದ್ದ ಹೊತ್ತು. ಏಳು ಮನೆಯ ಹೆಂಗಸರೂ ಬಾಗಿಲಿಗೆ ಬಂದರು, ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ನಾಯಿ ಅವನದೇ ಎಂಬುದು ನಿಜವಿತ್ತಲ್ಲ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು.

"ನೀ ಅದಕ ಎಲ್ಲಿ ಒಗದು ಹೋಗಿದ್ದಿ?"

"ತಿಪ್ಪಿಯೊಳಗ. ಸತ್ತದ ಅಂತ ತಿಳಕೊಂಡಿದ್ದೆ."

"ಯಾರ ತಿಪ್ಪಿ?"

ಅವನು ತಿಪ್ಪೆಯ ಕಡೆ ತಿರುಗಿ ನೋಡಿದ.

"ನನ್ನ ತಿಪ್ಪಿಯೊಳಗ ಬಿದ್ದದ್ದು ನಂದು. ಹ್ವಾದ ವರ್ಷ ನಿಮ್ಮ ಅಡ್ಡೆದ ಬೂದಿ ಬಿದ್ದಾಗ ನಿಮ್ಮ ಮಾಲಕನs ಬಂದು ಹೌದಂದು ಹೋಗ್ಯಾನ. ಬೂದಿಗೊಂದು ನ್ಯಾಯ, ನಾಯಿಗೊಂದು ನ್ಯಾಯ ಅದ ಏನು? ಹೋಗು, ಚೌಕಿಗೆ ಹೋಗು. ನಾನೂ ಬರತೀನಿ. ನನ್ನ ಮಗಾ ಅದಾಲತ್ತಿನ್ಯಾಗ ಕುಂತಾನ, ಅಲ್ಲಿಗೂ ಹೋಗೂಣು."

ಹೊಸ್ತಿಲು ದಾಟಿಸಬೇಡ ಎಂದಿದ್ದ ಬಾಯಿ ಅದು! ಹೆಂಗಸರೆಲ್ಲ ಹೌದು ಹೌದು ಎಂದರು. ಅವನು ಸರಪಳಿ ಸುತ್ತಿಕೊಂಡು ಹಿಂದೆ ಸರಿದ. ಹೋಗುವಾಗ ಮಾತ್ರ, "ಇದs ದಾರೀಲೆ ನಾ ದಿನಾ ತಿರಗಾಡ್ತೀನಿ. ಒಂದಿನ ಒಂಟಿಯಾಗಿ ಸಿಗತದ," ಎಂದು ಹೋದ.

ಅವತ್ತಿನಿಂದ ನಾಯಿ ಕಟ್ಟೆಯ ಕೆಳಗಿನಿಂದ ಹೊರಗೆ ಬರುವುದನ್ನೇ ಬಿಟ್ಟಿತು. ರೊಟ್ಟಿಯ ಸಪ್ಪಳಕ್ಕೂ ಏಳಲಿಲ್ಲ. ನಾವು ಗಳಿಸಿದ್ದೆಲ್ಲ ಒಂದು ಕೆಮ್ಮಿಗೆ ಹೋಗಿತ್ತು. ಅದನ್ನು ಅವನ ದಾರಿಯಿಂದ ದೂರ ಕಳಿಸಬೇಕು, ಯಾರೂ ಕೈ ಎತ್ತದ ಮನೆಗೆ ಕಳಿಸಬೇಕು. ಇದು ಎಲ್ಲರಿಗೂ ಗೊತ್ತಿತ್ತು. ಯಾರ ಬಾಯಿಗೂ ಬರುತ್ತಿರಲಿಲ್ಲ. ಕೊನೆಗೆ ಅತ್ತೆಯೇ ಹೇಳಿದರು. "ಅಕಿಗೊಂದು ಮನೀ ನೋಡೂಣು," ಎಂದರು. ಅದು ಎನ್ನುತ್ತಿದ್ದವರು ಅಕಿ ಎಂದಿದ್ದು ಅದೇ ಮೊದಲು.

ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಬಂಡಿಯಲ್ಲಿ ಹೇರಿಕೊಂಡು ಬಜಾರಕ್ಕೆ ತರುವ ಒಬ್ಬ ರೈತರಿದ್ದರು. ತವರಿನವರೆಂದು ನಾನು ಕಾಕಾ ಎನ್ನುತ್ತಿದ್ದೆ. ತೋಟಕ್ಕೆ ನರಿ, ಹಂದಿ ಬರುತ್ತವೆ, ಒಂದು ನಾಯಿ ಇದ್ದರೆ ಚಲೋ ಎಂದು ಅವರೇ ಒಮ್ಮೆ ಹೇಳಿದ್ದರು. ಅವರು ಮುಂದಿನ ಸಲ ಬಂದಾಗ ಓಣಿಯವರೆಲ್ಲ ಸೇರಿ ಅವರನ್ನು ಕಟ್ಟೆಯ ಮೇಲೆ ಕೂಡಿಸಿದರು. ಪಾಪ, ಚಹಾ ಕೊಡುತ್ತಾರೆಂದು ಕುಳಿತರು ಅವರು.

"ಸೇಂದಿ ಕುಡೀತೀರೇನು?" ಎಂದು ಚಾಚಾ ಕೇಳಿದರು.

"ಇಲ್ರಿ. ಎಲಿ ಅಡಕಿ ಅಷ್ಟs."

"ಸರಪಳಿ ಹಾಕತೀರೇನು?"

"ತೋಟಾ ಕಾಯೂ ನಾಯಿಗಿ ಸರಪಳಿ ಹಾಕಿದ್ರ ನರಿ ಹಿಂದ ನಾನs ಓಡಬೇಕಾಗ್ತದಲ್ರಿ."

"ಸಿಟ್ಟು ಬಂದ್ರ ಏನು ಮಾಡತೀರಿ?" ಇದು ಅತ್ತೆ.

ಕಾಕಾ ಸ್ವಲ್ಪ ಯೋಚಿಸಿದರು. "ಬಾವ್ಯಾಗ ಜಿಗೀತೀನ್ರಿ. ನಾಕು ಸುತ್ತು ಈಸಿ ಮ್ಯಾಲ ಬರೂದರಾಗ ಇಳದಿರತದ."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಮನೆ ನೋಡದೆ ಕೊಡುವುದಿಲ್ಲ ಎಂದರು. ಹೀಗಾಗಿ ಮರುದಿನ ಬೆಳಿಗ್ಗೆ ಕಾಕಾನ ಖಾಲಿ ಬಂಡಿಯಲ್ಲಿ ಅತ್ತೆ, ನಾನು, ನಾಯಿ ಮೂವರೂ ಹೊರಟೆವು. ಹೊರಡುವ ಮೊದಲು, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಾಡುವ ಹಾಗೆ ಹೆಂಗಸರು ಬಂದು ನಾಯಿಗೆ ಉಡಿ ತುಂಬಿದರು. ಅಕ್ಕಿ, ಒಣಕೊಬ್ಬರಿ, ಬೆಲ್ಲದ ಅಚ್ಚು, ಒಂದು ಕುಬಸದ ಖಣ. ನಾಯಿಗೆ ಸೆರಗಿಲ್ಲವಾದ್ದರಿಂದ ಎಲ್ಲವನ್ನೂ ನನ್ನ ಉಡಿಗೆ ಹಾಕಿದರು. ಚಾಚಿ ಬುರ್ಖಾದೊಳಗೇ ಅಳುತ್ತ, ರಾತ್ರಿಯೇ ಮಾಡಿಟ್ಟ ಮಾಂಸದ ಖೀಮಾದ ಗಂಟೊಂದನ್ನು ಕೊಟ್ಟಳು. ನಮ್ಮ ಬಂಡಿಯಲ್ಲಿ ಖೀಮಾ! ಅತ್ತೆ ಮುಖ ಆ ಕಡೆ ತಿರುಗಿಸಿ, "ಹಿಂದಿನ ಮೂಲ್ಯಾಗ ಇಡು, ನಾ ನೋಡಿಲ್ಲ," ಎಂದರು.

ಕಮಲಾಪುರ ಮುಟ್ಟುವಾಗ ಹೊತ್ತು ಇಳಿದಿತ್ತು. ಕಾಕಾನ ಮನೆ ತೋಟದಲ್ಲೇ. ಅತ್ತೆ ಬಾವಿ ನೋಡಿದರು, ಕೊಟ್ಟಿಗೆ ನೋಡಿದರು, ಎತ್ತಿನ ಬೆನ್ನ ಮೇಲೆ ಬಾರುಕೋಲಿನ ಬರೆಗಳಿವೆಯೇ ಎಂದು ಕೈಯಾಡಿಸಿ ನೋಡಿದರು. ಆಮೇಲೆ ನೇರ ಅಡುಗೆಮನೆಗೆ ಹೋಗಿ ಕಾಕಿಯ ಎದುರು ಕುಳಿತು ಕೇಳಿದರು:

"ನಿನ್ನ ಗಂಡ ನಿನ್ನ ಮ್ಯಾಲ ಕೈ ಎತ್ತತಾನೇನವ್ವಾ?"

ನಾನು ನಾಚಿಕೆಯಿಂದ ಸತ್ತೆ. ಕಾಕಿ ಮಾತ್ರ ಕೈಯಲ್ಲಿದ್ದ ಸೌಟು ಬೀಳುವಷ್ಟು ನಕ್ಕಳು. "ಅವರೇನು ಎತ್ತತಾರ್ರಿ ಯಕ್ಕಾ! ನಾನs ಒಂದೆರಡು ಸಲಾ ಎತ್ತೇನಿ. ಆವಾಗs ನೋಡ್ರಿ, ಅವರು ಬಾವಿಗಿ ಜಿಗಿಯೂದು."

ಅತ್ತೆ ಆಕೆಯನ್ನು ದಿಟ್ಟಿಸಿ ನೋಡಿದರು. ಆ ನಗೆ ಸುಳ್ಳಲ್ಲ ಎಂದು ಖಾತ್ರಿಯಾದ ಮೇಲೆ ಎದ್ದು ಹೊರಗೆ ಬಂದು, ನಾಯಿಗೆ ಕಟ್ಟಿದ್ದ ಹಗ್ಗವನ್ನು ತಮ್ಮ ಕೈಯಾರೆ ಬಿಚ್ಚಿದರು. ಅದು ಬಾಳೆಯ ಗಿಡಗಳ ಬುಡ ಬುಡ ಮೂಸುತ್ತ ಒಳಗೆ ಹೋಯಿತು. ಹಿಂದಿರುಗಿ ನೋಡಲೂ ಇಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಅಲ್ಲಿ ಅದು ಮುಂದೆ ಎಷ್ಟೋ ವರ್ಷ ಬಾಳಿತು, ಮರಿ ಹಾಕಿತು, ನರಿಗಳಿಗೆ ದುಃಸ್ವಪ್ನವಾಯಿತು. ನಾನು ತವರಿಗೆ ಹೋದಾಗಲೆಲ್ಲ ನೋಡಿ ಬರುತ್ತಿದ್ದೆ.

ಅವತ್ತು ನನ್ನ ತವರಿನಲ್ಲಿ ಉಳಿದೆವು. ಅವ್ವ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಬಾವಿ ಎಷ್ಟು ದೂರ, ಪಂಚಮಿಗೆ ಸೀರೆ ಕೊಡಿಸಿದರೋ ಇಲ್ಲವೋ ಎಲ್ಲ ಕೇಳಿದಳು. ಅತ್ತೆ ಗೋಡೆಗೆ ಒರಗಿ ಕುಳಿತು ಕೇಳಿಸಿಕೊಳ್ಳುತ್ತಿದ್ದರು.

ಮರುದಿನ ಬಾಳೆಗೊನೆ ಹೇರಿದ ಬೇರೊಂದು ಬಂಡಿಯಲ್ಲಿ ಕಲಬುರಗಿಗೆ ಹೊರಟೆವು. ಅತ್ತೆ ಬಂಡಿಯ ಅಂಚು ಹಿಡಿದು ಹೊಲಗಳನ್ನೇ ನೋಡುತ್ತ ಕುಳಿತಿದ್ದರು. ನಾಯಿ ಬಿಟ್ಟು ಬಂದ ಸಂಕಟ ಎಂದುಕೊಂಡೆ. ಮಹಾಗಾಂವದಲ್ಲಿ ಬಂಡಿಯವನು ಎತ್ತುಗಳಿಗೆ ನೀರು ಕುಡಿಸಲು ಇಳಿದು ಹೋದ. ಆಗ ಅತ್ತೆ ಜೋಳದ ಹೊಲದ ಕಡೆ ನೋಡುತ್ತಲೇ ಕೇಳಿದರು:

"ನನ್ನ ಮಗಾ ನಿನ್ನ ಮ್ಯಾಲ ಯಾವಾಗರೆ ಕೈ ಎತ್ಯಾನೇನು?"

"ಇಲ್ರಿ," ಎಂದೆ.

"ನನ್ನ ಮಗಾ ಅಂತ ಮುಚ್ಚಬ್ಯಾಡ. ಖರೇ ಹೇಳು."

"ಖರೇನs ಇಲ್ರಿ ಅತ್ತಿ."

ಆಕೆ ಉದ್ದಕ್ಕೆ ಉಸಿರು ಬಿಟ್ಟರು. "ಎತ್ತಿದ್ರ ನನಗ ಹೇಳಬೇಕು, ತಿಳೀತೇನು? ಅವರಪ್ಪ ಎತ್ತತಿದ್ದ. ಹದಿನೆಂಟು ವರ್ಷ. ಆ ಅಡ್ಡೆದಿಂದ ಸಪ್ಪಳಾ ಬರತಿತ್ತಲ್ಲ, ನಾ ಕೇಳಲಾರದಂಗ ಕುಂತಿರತಿದ್ದೆ ನೋಡು, ನನ್ನ ಸಪ್ಪಳಾ ಕೇಳಿ ಓಣಿನೂ ಹಂಗs ಕುಂತಿರತಿತ್ತು. ನಮ್ಮವ್ವ ಬಂದ್ಳು, ನಮ್ಮಪ್ಪ ಬಂದ, ಎಮ್ಮಿ ಕೇಳಿದ್ರು, ಸೀರಿ ಕೇಳಿದ್ರು. ಇದೊಂದು ಯಾರೂ ಕೇಳಲಿಲ್ಲ."

ನಾನು ಅವರ ಸೆರಗಿನ ತುದಿ ಹಿಡಿದುಕೊಂಡು ಅಳತೊಡಗಿದೆ.

"ಅಳತಿ ಯಾಕ ಈಗ? ನಿನಗೇನು ಆಗ್ಯದ?" ಎಂದು ಗದರಿದರು. "ಕಣ್ಣು ಒರಸಿಕೋ, ಬಂಡ್ಯಾಂವ ಬಂದ." ಆಮೇಲೆ ಬಾಳೆಗೊನೆಗಳನ್ನು ಆ ಕಡೆ ಸರಿಸಿ, ತಮ್ಮ ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟರು.